ಫಾರಂಗೊಂದು ಹೆಣ

ಮೊದಲು ಒಂದು ತಿದ್ದುಪಡಿ. ಈ ಘಟನೆಯನ್ನು ನಾನು ಗೆಳೆಯರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ, ಹಡಗಲಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ ನಾನೇ ಬರೆದ ಕಾದಂಬರಿಯ ಪ್ರತಿ ನನಗೆ ಸಿಗಲಿಲ್ಲ ಎಂದಿದ್ದೇನೆ. ಅದು ಸುಳ್ಳು. ಸಿಕ್ಕಿತ್ತು. ಅದನ್ನು ಕೈಯಲ್ಲಿ ಹಿಡಿದು ಓದಿದ್ದೆ. ಎಷ್ಟು ಸಲ ಸುಳ್ಳು ಹೇಳಿದೆನೆಂದರೆ, ಸಿಗದೆ ಬರಿಗೈಯಲ್ಲಿ ಬಸ್ಸು ಹತ್ತಿದ ನೆನಪು ಈಗ ನನಗೆ ನಿಜದ ನೆನಪಿಗಿಂತ ಸ್ಪಷ್ಟವಾಗಿದೆ. ಆದ್ದರಿಂದ ಮುಂದಿನದನ್ನು ಓದುವವರು ನನ್ನ ನೆನಪನ್ನು ಅರ್ಧ ಮಾತ್ರ ನಂಬಬೇಕು. ನಾಚಿಕೆಯನ್ನು ಪೂರ್ತಿ ನಂಬಬಹುದು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ನಾನು ಹರಪನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಊರಿನಲ್ಲಿ ಮೆಕ್ಕೆಜೋಳದ ಮಂಡಿಗಳಿಗೆ ಬಿಲ್ ಪುಸ್ತಕ, ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿತ್ತು. ಅದರ ಮಾಲೀಕರಿಗೆ ಇನ್ನೊಂದು ವ್ಯವಹಾರವೂ ಇತ್ತು: ಮಕ್ಕಳ ಚಿತ್ರಕಥೆ. ಕೊಟ್ಟೂರಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬರೆಯುತ್ತಿದ್ದ 'ಉಕ್ಕುಗೈ' ಎಂಬ ನಾಯಕನ ಸಣ್ಣ ಪುಸ್ತಕಗಳು ಸುತ್ತಲಿನ ಬಸ್‌ಸ್ಟ್ಯಾಂಡುಗಳಲ್ಲಿ ಮಾರಾಟವಾಗುತ್ತಿದ್ದವು. ಬೇರೆ ಗ್ರಹದಿಂದ ಬಂದವನು, ಬಲಗೈ ಉಕ್ಕಿನದು. ಬಾವಿಗೆ ಬಿದ್ದ ಕೂಸನ್ನು ಆ ಕೈ ಉದ್ದ ಮಾಡಿ ಎತ್ತುತ್ತಿದ್ದ, ಹಳ್ಳಕ್ಕೆ ಉರುಳಿದ ಬಸ್ಸನ್ನು ನೆಟ್ಟಗೆ ನಿಲ್ಲಿಸುತ್ತಿದ್ದ. ಅಷ್ಟೇ ಅವನ ಕೆಲಸ.

"ಆ ಚಿತ್ರ ನೋಡಿದ ಹುಡುಗ್ರು ಈಗ ಮೀಸೆ ಬಿಟ್ಟಾರೆ ಮೇಷ್ಟ್ರೇ," ಎಂದರು ಮಾಲೀಕರು. "ಅವರಿಗೆ ಚಿತ್ರ ಸಾಲಲ್ಲ. ಕಾದಂಬರಿ ಬೇಕು. ರಾಕೆಟ್ಟು, ಯುದ್ಧ, ರಕ್ತ. ಫಾರಂಗೊಂದು ಹೆಣ ಬೀಳಬೇಕು ನೋಡ್ರಿ. ಕಮ್ಮಿ ಆದ್ರೆ ಬಾಡಿಗೆ ಅಂಗಡಿಯವ್ರು ಮುಟ್ಟಲ್ಲ."

ಫಾರಂ ಅಂದರೆ ಹದಿನಾರು ಪುಟ. ಪುಸ್ತಕಕ್ಕೆ ಆರು ಫಾರಂ. ನಾನು ಆಗ ಸಣ್ಣ ಪತ್ರಿಕೆಗಳಲ್ಲಿ ಪೂರ್ಣವಿರಾಮವೇ ಇಲ್ಲದ ಕತೆಗಳನ್ನು ಬರೆಯುತ್ತಿದ್ದವನು. ಪುಟದ ಮೇಲಿನ ಖಾಲಿ ಜಾಗವೂ ಮಾತಾಡುತ್ತದೆ ಎಂದು ಒಂದು ಉದ್ದ ಲೇಖನ ಬರೆದಿದ್ದೆ. ಇದು ಮಾಲೀಕರಿಗೆ ಗೊತ್ತಿತ್ತು. "ನಮ್ಮಲ್ಲಿ ಫುಲ್‌ಸ್ಟಾಪಿನ ಅಚ್ಚುಮೊಳೆ ಮೂಟೆಗಟ್ಟಲೆ ಅದಾವೆ, ಧಾರಾಳ ಹಾಕ್ರಿ," ಎಂದು ನಕ್ಕರು. ಗುಪ್ತನಾಮದಲ್ಲಿ ಬರೆಯಲು ಒಪ್ಪಿದೆ. ಡ್ರಾಯಿಂಗ್ ಮೇಷ್ಟ್ರನ್ನು ಕೇಳಲು ಕೊಟ್ಟೂರಿಗೆ ಹೋದಾಗ ಅವರು ಕುಂಚ ತೊಳೆಯುತ್ತಲೇ, "ಬರೀರಿ, ನಂದೇನಿಲ್ಲ. ಆದ್ರ ನಮ್ಮ ಉಕ್ಕುಗೈ ಇಲ್ಲೀಮಟ ಒಂದು ಇರುವಿನೂ ಕೊಂದಿಲ್ಲ, ಅಷ್ಟು ನೆಪ್ಪಿರ್ಲಿ," ಎಂದರು.

ಕೆಲಸದ ಕ್ರಮ ಹೀಗಿತ್ತು. ಪ್ರೆಸ್ಸಿನಲ್ಲಿದ್ದ ಅಚ್ಚುಮೊಳೆಗಳು ಒಂದು ಫಾರಮ್ಮಿಗೆ ಮಾತ್ರ ಸಾಕಾಗುತ್ತಿದ್ದವು. ಹದಿನಾರು ಪುಟ ಜೋಡಿಸಿ, ಪ್ರೂಫ್ ತಿದ್ದಿ, ಯಂತ್ರಕ್ಕೆ ಏರಿಸಿ ಅಚ್ಚು ಹಾಕಿದ ಮೇಲೆ ಆ ಪುಟಗಳನ್ನು ಬಿಚ್ಚಿ, ಪ್ರತಿ ಅಕ್ಷರವನ್ನೂ ಮರದ ಕೇಸಿನ ಅದರದರ ಮನೆಗೆ ವಾಪಸು ಹಾಕಬೇಕು. ಆಮೇಲೆ ಮುಂದಿನ ಫಾರಂ. ಅಂದರೆ ನಾನು ಬರೆದದ್ದು ಅಚ್ಚಾಗುವ ಹೊತ್ತಿಗೆ ಮುಂದಿನದು ನನಗೇ ಗೊತ್ತಿರುತ್ತಿರಲಿಲ್ಲ, ಹಿಂದಕ್ಕೆ ಹೋಗಿ ತಿದ್ದುವಂತೆಯೂ ಇರಲಿಲ್ಲ.

ಜೋಡಿಸುತ್ತಿದ್ದವಳು ಒಬ್ಬಳೇ ಕಂಪೋಸಿಟರ್. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಉಚ್ಚಂಗಿದುರ್ಗದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ತವರು ಹಡಗಲಿ. ಅಲ್ಲಿ ತಾಯಿ, ಹಿರಿಯಕ್ಕನ ಮನೆಯಲ್ಲಿ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು ಹಿಡಿದು ಬಲಗೈಯಿಂದ ಅವಳು ತಿರುಗುಮುರುಗು ಅಕ್ಷರದ ಮೊಳೆ ಹೆಕ್ಕುವಾಗ ಕಣ್ಣು ನನ್ನ ಹಸ್ತಪ್ರತಿಯ ಮೇಲೇ ಇರುತ್ತಿತ್ತು. ಒಂದು ಹಿತ್ತಾಳೆಯ ರೂಲುಪಟ್ಟಿ ಅವಳ ಸೆರಗಿನ ಗಂಟಿನಲ್ಲಿ ಸದಾ ಇರುತ್ತಿತ್ತು. ಸಾಲು ಸರಿಮಾಡಲು, ಕಾಗದ ಕೊಯ್ಯಲು, ಒಮ್ಮೊಮ್ಮೆ ಮಾವಿನಕಾಯಿ ಹೋಳು ಮಾಡಲು.

ನಾಲ್ಕನೆಯ ಫಾರಂ ಜೋಡಿಸುವಾಗ ತಲೆಯೆತ್ತಿ, "ಸರ, ಈ ಸೇನಾಪತಿ ಸತ್ತಾನಲ್ರಿ," ಎಂದಳು.

"ಯಾವಾಗ?"

"ಎರಡನೇ ಫಾರಮ್ಮಿನಾಗ. ನಾನ ಕೈಯಾರೆ ಜೋಡಿಸೇನಿ. ಕುದಿಯೋ ಸೀಸದಾಗ ಹಾಕಿದ್ರಲ್ರಿ ಅವನ್ನ."

ಎರಡನೆಯ ಫಾರಂ ಆಗಲೇ ಅಚ್ಚಾಗಿ ಮೂಲೆಯಲ್ಲಿ ಕಟ್ಟಿಟ್ಟಿತ್ತು. ನಾನು ಅಲ್ಲೇ ಕೂತು, ಸತ್ತದ್ದು ಸೇನಾಪತಿಯ ನಕಲು ದೇಹ ಎಂದು ಎರಡು ಸಾಲು ಸೇರಿಸಿದೆ. ಅವಳು ಓದಿ, "ಹಂಗಾದ್ರ ಯಾರ್ನ ಬೇಕಾದ್ರೂ ಎಬ್ಬಸಬೌದು ಬಿಡ್ರಿ," ಎಂದಳು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಕ್ಕಳೋ ಇಲ್ಲವೋ ನೋಡಲಿಲ್ಲ.

ಆರನೆಯ ಫಾರಮ್ಮಿಗೆ ಬರುವಷ್ಟರಲ್ಲಿ ನನ್ನಲ್ಲಿ ಸಾವುಗಳು ಮುಗಿದಿದ್ದವು. ಸೀಸದಲ್ಲಿ ಬೇಯಿಸಿದ್ದೆ, ಕಿರಣದಿಂದ ಸೀಳಿದ್ದೆ, ಗಾಳಿಯಿಲ್ಲದ ಆಕಾಶಕ್ಕೆ ಎಸೆದಿದ್ದೆ. ಉಕ್ಕುಗೈ ತನ್ನ ಕೈಯಿಂದ ಒಬ್ಬನ ತಲೆಬುರುಡೆಯನ್ನು ಸೀತಾಫಲದಂತೆ ಬಿಡಿಸಿದ್ದ. ಮಾಲೀಕರು ದಿನಕ್ಕೆರಡು ಸಲ ಬಂದು, "ಏನ್ ಮೇಷ್ಟ್ರೇ, ಇನ್ನೂ ಯಾರೂ ಸತ್ತಿಲ್ವಾ?" ಎನ್ನುತ್ತಿದ್ದರು. ರಜೆ ಮುಗಿಯುವ ಮೊದಲು ಪುಸ್ತಕ ಅಂಗಡಿ ಸೇರಬೇಕಿತ್ತು.

ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಾಗ ಅವಳು ರೊಟ್ಟಿ ಬಿಚ್ಚಿದಳು, ನನಗೂ ಅರ್ಧ ಕೊಟ್ಟಳು. ತಿನ್ನುತ್ತಾ, "ಸರ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಸಾಯೋರು ನೀವು ಬರದಂಗ ಮಾತಾಡಂಗಿಲ್ರಿ," ಎಂದಳು.

"ಮತ್ತೆ ಹ್ಯಾಂಗ ಮಾತಾಡ್ತಾರ?"

ಈ ಪ್ರಶ್ನೆಯನ್ನು ನಾನು ಕೇಳಿದ್ದು ಕಸಬಿನವನಾಗಿ. ಅದನ್ನು ಒಪ್ಪಿಕೊಳ್ಳಬೇಕು. ಮರುಕದಿಂದ ಕೇಳಿದೆ ಎಂದು ಬರೆಯಬಹುದಿತ್ತು. ಒಂದು ಕರಡಿನಲ್ಲಿ ಹಾಗೆ ಬರೆದು ಹೊಡೆದುಹಾಕಿದ್ದೇನೆ.

ಅವಳು ಹೇಳಿದಳು. ಹಿಂದಿನ ವರ್ಷ ಸುಗ್ಗಿಗೆ ಅವಳ ತಮ್ಮ ಹಡಗಲಿಯಿಂದ ಅವರ ಹೊಲದ ಕೆಲಸಕ್ಕೆ ಬಂದಿದ್ದ. ಮೆಕ್ಕೆಜೋಳದ ತೆನೆ ಬಿಡಿಸುವ ಯಂತ್ರಕ್ಕೆ ತೆನೆ ಹಾಕುವಾಗ ಹೆಗಲಿನ ಟವಲು ಬೆಲ್ಟಿಗೆ ಸಿಕ್ಕಿ ಕೈ ಒಳಗೆ ಹೋಯಿತು. ಹೊಲದ ಬದುವಿನ ಮೇಲೆ ಮಲಗಿಸಿ ಟೆಂಪೋಗೆ ಕಾಯುತ್ತಿದ್ದರು.

"ಎಚ್ಚರ ಇತ್ರಿ ಅವಗ. ಒದರಲಿಲ್ಲ, ಅಳಲಿಲ್ಲ. 'ಒಂದು ಗುಟುಕು ಹಾಕು ಅಕ್ಕಾ' ಅಂದ. ಸಣ್ಣಾಂವ ಇದ್ದಾಗಿಂದ್ಲೂ ಅಂವ ನೀರು ಕೊಡು ಅಂದಾಂವ ಅಲ್ಲ, ಗುಟುಕು ಹಾಕು ಅಂತಿದ್ದ. ತಂಬಿಗಿ ನನ್ನ ಕೈಯಾಗ ಇತ್ತು. ಅಲ್ಲಿದ್ದ ಹಿರೇರು, ರಕ್ತ ಹೋಗೋರಿಗೆ ನೀರು ಕೊಡಬ್ಯಾಡ, ಕೊಟ್ರ ಜೀವ ಹೋಗ್ತೈತಿ ಅಂದ್ರು. ಮೂರು ಸಲ ಕೇಳಿದ. ನಾನು ತಂಬಿಗಿ ಹಿಡಕೊಂಡು ನಿಂತೆ. ಟೆಂಪೋ ಬರಾಕ ಮುಂಚೆ ಹೋದ."

ಬುತ್ತಿಯ ಬಟ್ಟೆ ಕಟ್ಟುತ್ತಾ, "ಯಾರ ಮುಂದೂ ಅನ್ನಬ್ಯಾಡ್ರಿ ಸರ," ಎಂದಳು. "ನಮ್ಮವ್ವಗ ಒಂದ ಏಟಿಗೆ ಹೋದ ಅಂತ ಹೇಳೇವಿ. ಕೇಳಿದ ಅಂತ ಗೊತ್ತಾದ್ರ, ನಾ ಕೊಡಲಿಲ್ಲ ಅಂತ ಗೊತ್ತಾದ್ರ, ಆ ಜೀವ ಉಳಿಯಂಗಿಲ್ಲ."

ಆಗಲಿ ಎಂದೆ. ಕರೆಂಟು ಬಂತು. ನಾನು ಆಚೆ ಕಟ್ಟೆಯ ಮೇಲೆ ಕೂತು ಒಂದೂವರೆ ಗಂಟೆಯಲ್ಲಿ ಎರಡು ಪುಟ ಬರೆದೆ.

ಅದುವರೆಗೆ ಇಡೀ ಪುಸ್ತಕ ನನಗೆ ಉಸಿರುಗಟ್ಟಿಸಿತ್ತು. ಆ ಎರಡು ಪುಟ ಮಾತ್ರ ತಾನಾಗಿ ಬಂತು. ನೀರೇ ಇಲ್ಲದ ಗ್ರಹ. ಅದಿರು ಅಗೆಯುವ ಯಂತ್ರಕ್ಕೆ ಕೈ ಕೊಟ್ಟ ಗಣಿ ಕೂಲಿ. ಕೊನೆಯ ನೀರಿನ ಬಾಟಲು ಹಿಡಿದು ನಿಂತ ಅಕ್ಕ. ನೀರು ಕೊಡಬಾರದು ಎನ್ನುವ ಯಂತ್ರವೈದ್ಯ. ಅಲ್ಲಿಯವರೆಗೆ ಎಲ್ಲ ಪಾತ್ರಗಳೂ ನಾಟಕದ ಕನ್ನಡ ಆಡುತ್ತಿದ್ದವು. ಈ ಕೂಲಿ ಒಬ್ಬನೇ, ಮೂರು ಸಲ, "ಒಂದು ಗುಟುಕು ಹಾಕು ಅಕ್ಕಾ" ಎಂದ. ಆ ಒಂದು ಸಾಲಿಗಾಗಿ ನನಗೆ ನನ್ನ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಅದು ನನ್ನ ಸಾಲಲ್ಲ ಎಂಬುದೇ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದೇನೋ ಬರೆದೆ. ಹೊಳೆದಿರಬೇಕು, ಇಲ್ಲದಿದ್ದರೆ ಆ ಹಾಳೆಗಳನ್ನು ಅವಳ ಕೈಗೆ ಕೊಡದೆ, ಉಳಿದವುಗಳ ನಡುವೆ ಸೇರಿಸಿ ಮೇಜಿನ ಮೇಲಿಟ್ಟು ಮನೆಗೆ ಯಾಕೆ ಹೋಗುತ್ತಿದ್ದೆ?

ಎರಡು ದಿನ ಬಿಟ್ಟು ಪ್ರೂಫ್ ಬಂತು. ಎಂಬತ್ತೊಂಬತ್ತನೆಯ ಪುಟದಲ್ಲಿ ಕೂಲಿಯ ಕೈ ಯಂತ್ರಕ್ಕೆ ಸಿಕ್ಕುತ್ತದೆ. ಅದರ ಕೆಳಗೆ ಮೂರು ವಾಕ್ಯ: "ಅವನಿಗೆ ಏನೂ ತಿಳಿಯಲಿಲ್ಲ. ಒಂದೇ ಏಟಿಗೆ ಪ್ರಾಣ ಹೋಯಿತು. ನೋವಾಗಲಿಲ್ಲ." ಆಮೇಲೆ ಪುಟ ಖಾಲಿ. ತೊಂಬತ್ತನೆಯ ಪುಟವೂ ಖಾಲಿ.

ಪ್ರೂಫ್ ಹಿಡಿದು ಕೇಸಿನ ಬಳಿ ಹೋದೆ. ಅವಳು ಮೊಳೆ ಹೆಕ್ಕುವುದನ್ನು ನಿಲ್ಲಿಸಲಿಲ್ಲ.

"ಇದು ನಾನು ಬರೆದದ್ದಲ್ಲ," ಎಂದೆ.

"ಅದು ನಿಮಗ ಹೇಳಿದ್ದು ಸರ. ಬರೀಲಿ ಅಂತ ಹೇಳಿದ್ದಲ್ಲ."

"ಇದು ಬೇರೆ ಗ್ರಹದ ಕತೆ. ಯಾರಿಗೆ ಗೊತ್ತಾಗ್ತದೆ? ನಿಮ್ಮ ತಾಯಿ ಓದ್ತಾರಾ?"

"ಓದಾಕ ಬರಂಗಿಲ್ಲ," ಎಂದಳು. "ಕೇಳಾಕ ಬರ್ತೈತಲ್ರಿ. ನಮ್ಮಕ್ಕನ ಮಗಳು ದಿನಾ ಒಂದು ಬಾಡಿಗಿ ಪುಸ್ತಕ ತಂದು ಒದರ್ತಾಳ, ಅವ್ವ ಕಾಳು ಹಸನ ಮಾಡಕೋತ ಕೇಳ್ತಾಳ."

ನನ್ನ ಮುಂದೆ ದಾರಿ ಇತ್ತು. ಎರಡು ಪುಟ ಹೊಸ ಸಾವು ಬರೆಯಲು ಒಂದು ಮಧ್ಯಾಹ್ನ ಸಾಕು. ಅಥವಾ ಅವಳು ಬಿಟ್ಟ ಖಾಲಿ ಪುಟವನ್ನೇ ಉಳಿಸಬಹುದಿತ್ತು. ಖಾಲಿ ಜಾಗದ ಬಗ್ಗೆ ಲೇಖನ ಬರೆದವನು ನಾನು. ಬೇರೆ ಯಾರಾದರೂ ಆಧುನಿಕ ಲೇಖಕ ಅಂಥ ಪುಟ ಬಿಟ್ಟಿದ್ದರೆ ಅದರ ಮೇಲೆ ಇನ್ನೊಂದು ಲೇಖನ ಬರೆಯುತ್ತಿದ್ದೆ. ಆದರೆ ಒಬ್ಬ ಕಂಪೋಸಿಟರ್ ನನ್ನ ಪುಟ ತಿದ್ದಿದಳು ಎಂಬುದು ಮಾತ್ರ ಆಗ ಕಂಡಿತು. ಕೆಂಪು ಶಾಯಿಯಲ್ಲಿ 'ಮೂಲದಂತೆ' ಎಂದು ಬರೆದು ಮಾಲೀಕರ ಮೇಜಿಗೆ ಇಟ್ಟೆ.

ಮಾಲೀಕರು ಹಸ್ತಪ್ರತಿ ಓದಿದರು. "ಇದಪ್ಪಾ ಹೆಣ ಅಂದ್ರೆ! ಇದನ್ನ ಬಿಟ್ಟು ಖಾಲಿ ಹಾಳಿ ಯಾಕವ್ವ ಬಿಟ್ಟಿದ್ದೀ?" ಎಂದು ಒಳಗೆ ಕೂಗಿದರು. ಅವರು ಹಳೆಯ ಕಂಪೋಸಿಟರೇ. ಅಂಗಿ ತೋಳು ಮಡಿಚಿ ತಾವೇ ನಿಂತು ಆ ಎರಡು ಪುಟ ಜೋಡಿಸಿದರು. ಅವಳು ಪಕ್ಕದ ಕೇಸಿನಲ್ಲಿ ಯಾರದೋ ಲಗ್ನಪತ್ರಿಕೆ ಜೋಡಿಸುತ್ತಿದ್ದಳು. ಮಾಲೀಕರು ಬಾಯಲ್ಲಿ ಓದಿಕೊಳ್ಳುತ್ತಾ ಜೋಡಿಸುವವರು. ಗುಟುಕಿನ ಸಾಲನ್ನು ಮೂರು ಸಲವೂ ಜೋರಾಗಿಯೇ ಓದಿದರು.

ಆರನೆಯ ಫಾರಂ ಅಚ್ಚಾದ ಮೇಲೆ ಮೊಳೆ ಬಿಚ್ಚಿ ಕೇಸಿಗೆ ಹಾಕುವ ಕೆಲಸ ಅವಳದ್ದೇ. ಹಾಕಿದಳು. ಒಂದು ಅಕ್ಷರವೂ ತಪ್ಪು ಮನೆಗೆ ಬಿದ್ದಿರಲಿಲ್ಲ ಎಂದು ಮಾಲೀಕರು ಆಮೇಲೆ ಹೇಳಿದರು. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ಪುಸ್ತಕದ ಬಹುಪಾಲು ದಾವಣಗೆರೆ, ಹುಬ್ಬಳ್ಳಿಯ ಕಡೆಗೆ ಹೋಯಿತು. ನಮ್ಮ ಸೀಮೆಯಲ್ಲಿ ಕಾದಂಬರಿ ಕೊಂಡು ಓದುವವರಿಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಊರಿಗೊಂದು ಬಾಡಿಗೆ ಅಂಗಡಿ, ಅಂಗಡಿಗೊಂದು ಪ್ರತಿ. ಪುಸ್ತಕ ಅಂಗಡಿ ಸೇರಿದ ನಾಲ್ಕನೆಯ ದಿನವೋ ಐದನೆಯ ದಿನವೋ, ಅವಳು ಇನ್ನೂ ಕೆಲಸಕ್ಕೆ ಬಾರದ್ದನ್ನು ಕಂಡು, ನನಗೆ ಅವಳ ತಾಯಿಯ ನೆನಪಾಯಿತು. ಜೇಬಿನಲ್ಲಿ ಒಂದು ಬ್ಲೇಡು ಇಟ್ಟುಕೊಂಡೆ. ಐದೇ ಪ್ರತಿ, ಆ ಒಂದು ಹಾಳೆ ಕತ್ತರಿಸಿದರೆ ಮುಗಿಯಿತು.

ನಮ್ಮೂರ ಅಂಗಡಿಯಲ್ಲಿ ಪುಸ್ತಕ ಬಿಚ್ಚಿದೆ. ಎಂಬತ್ತೆಂಟು ಆದಮೇಲೆ ತೊಂಬತ್ತೊಂದು. ಹಾಳೆ ಆಗಲೇ ಇರಲಿಲ್ಲ.

ಬಸ್ಸು ಹತ್ತಿ ಕೊಟ್ಟೂರಿಗೆ ಹೋದೆ. ಅಲ್ಲಿಯೂ ಇಲ್ಲ. ಕೂಡ್ಲಿಗಿಯಲ್ಲೂ ಇಲ್ಲ. ಕೂಡ್ಲಿಗಿಯ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಹರಿದದ್ದಲ್ಲ. ರೂಲುಪಟ್ಟಿ ಒತ್ತಿಟ್ಟು ನೇರವಾಗಿ ಕೊಯ್ದದ್ದು. ಪಿನ್ನಿನ ಬಳಿ ಒಂದು ಬೆರಳಗಲ ಅಂಚು ಬಿಟ್ಟಿತ್ತು. ಹಾಗೆ ಬಿಡದಿದ್ದರೆ ಜೋಡಿ ಹಾಳೆ ಸಡಿಲವಾಗಿ ಪುಸ್ತಕ ಬಿಚ್ಚಿಕೊಳ್ಳುತ್ತದೆ. ನನ್ನ ಪುಸ್ತಕ ಕೆಡದಂತೆ ಕೊಯ್ದಿದ್ದಳು.

ಹಗರಿಬೊಮ್ಮನಹಳ್ಳಿಯ ಅಂಗಡಿಯವನು, "ಏನ್ರೀ ಐತಿ ಈ ಪುಸ್ತಕದಾಗ ಅಂಥಾದ್ದು? ಮೊನ್ನಿ ಒಬ್ಬಾಕಿ ಬಂದು ಇಲ್ಲೇ ಕುಂತು ಓದಿ ಹೋದ್ಲು. ರಕ್ತದ ಕಾದಂಬರಿ ಓದೋ ಮಾರಿ ಅಲ್ಲ ಬಿಡ್ರಿ ಆಕಿದು," ಎಂದ. ಅಲ್ಲಿಯೂ ಹಾಳೆ ಇರಲಿಲ್ಲ. ನನಗೆ ಆದದ್ದು ನೆಮ್ಮದಿಯಲ್ಲ. ಇದನ್ನು ಹೇಳುವುದು ಕಷ್ಟ. ನನ್ನ ಪುಟ ಒಂದೊಂದೇ ಊರಿನಲ್ಲಿ ಇಲ್ಲವಾಗುತ್ತಿದೆ ಎಂದು ವ್ಯಥೆಯಾಯಿತು.

ಹಡಗಲಿಯ ಅಂಗಡಿಯವನು ವಯಸ್ಸಾದವನು. ಅಲ್ಲಿನ ಪ್ರತಿ ಬಾಡಿಗೆಗೆ ಹೋಗಿತ್ತು. "ಒಬ್ಬ ಹೆಣ್ಮಗಳೂ ಕೇಳಿ ಹೋಗ್ಯಾಳ, ಸೋಮವಾರ ಬರ್ತೀನಿ ಅಂದಾಳ," ಎಂದ. ನಾನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುವಾಗಲೇ ಯಾರೋ ಸೈಕಲ್ಲಿನಲ್ಲಿ ಬಂದು ಪುಸ್ತಕ ವಾಪಸು ಕೊಟ್ಟು ಹೋದರು. ಅಂಗಡಿಯವನು ಕೈಬೀಸಿ ಕರೆದ. "ನಿಮ್ಮ ನಸೀಬ ಚಲೋ ಐತಿ ನೋಡ್ರಿ."

ಹಾಳೆ ಇತ್ತು. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಓದಿದೆ. ಬ್ಲೇಡು ಜೇಬಿನಲ್ಲಿತ್ತು, ಬೆರಳಿಗೆ ತಾಗುತ್ತಿತ್ತು. ಕೆಲಸ ಮುಗಿದ ಹಸ್ತಪ್ರತಿಯನ್ನು ಪ್ರೆಸ್ಸಿನವರು ಒಲೆಗೆ ಹಾಕಿದ್ದರು, ನನಗೆಂದು ಒಂದು ಪ್ರತಿಯನ್ನೂ ನಾನು ಇಟ್ಟುಕೊಂಡಿರಲಿಲ್ಲ. ದಾವಣಗೆರೆಯ ಪ್ರತಿಗಳು ಎಲ್ಲಿ ಚದುರಿದವೋ. ನನ್ನ ಸೀಮೆಯಲ್ಲಿ ಈ ಎರಡು ಪುಟ ಉಳಿದಿದ್ದದ್ದು ಇದೊಂದೇ ಕಡೆ. ನಾನು ಬರೆದುದರಲ್ಲೆಲ್ಲ ಇದೇ ಒಳ್ಳೆಯದು ಅನ್ನಿಸಿತು. ಈಗಲೂ ಅನ್ನಿಸುತ್ತದೆ, ಅದೂ ನಾಚಿಕೆಯ ಒಂದು ಭಾಗ. ಪುಸ್ತಕ ಮುಚ್ಚಿ ವಾಪಸು ಕೊಟ್ಟೆ.

"ಆ ಹೆಣ್ಮಗಳು ಬಂದ್ರ ಕೊಡ್ಲೇನ್ರಿ?" ಎಂದು ಅವನು ಕೇಳಿದನೋ, ಕೇಳುವ ಮೊದಲೇ ನಾನು ಹೇಳಿದೆನೋ ನೆನಪಿಲ್ಲ. ಹೇಳಿದ್ದು ಮಾತ್ರ ನಿಜ: "ಪುಸ್ತಕ ಕಳೆದುಹೋಯ್ತು ಅಂತ ಹೇಳಿಬಿಡ್ರಿ."

ಅವಳ ತಾಯಿ ಇರುವುದು ಆ ಊರಿನಲ್ಲಿ ಎಂದು ನನಗೆ ಗೊತ್ತಿತ್ತು.

ಜೂನಿನಲ್ಲಿ ಶಾಲೆ ಶುರುವಾಯಿತು. ಒಂದು ದಿನ ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ ಗೇಟಿನ ಬಳಿ ಒಬ್ಬ ಮುದುಕಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. "ಪುಸ್ತಕ ಬರದ ಮೇಷ್ಟ್ರು ನೀವೇನ್ರಿ? ಪ್ರೆಸ್ಸಿನಾಗ ಹೇಳಿದ್ರು," ಎಂದಳು. ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಮೊಳೆ ಹೆಕ್ಕುವಾಗ ಮಗಳ ತುಟಿ ಬಿಗಿಯುತ್ತಿದ್ದ ಹಾಗೆಯೇ ಇವಳ ತುಟಿಯೂ ಬಿಗಿದಿತ್ತು.

"ಕುಂತ್ಕೊಳ್ಳಮ್ಮ," ಎಂದೆ.

ಕೂರಲಿಲ್ಲ. "ಮೊಮ್ಮಗಳು ಓದಿದ್ಲು. ಅದರಾಗ ಒಬ್ಬಾಂವ ಗುಟುಕು ಹಾಕು ಅಂತಾನ."

"ಅದು ಕಟ್ಟಿದ ಕತೆ ಅಮ್ಮ. ಬೇರೆ ಗ್ರಹದ್ದು. ಅಲ್ಲಿ ನೀರೇ ಇಲ್ಲ."

"ಹೌದ್ರಿ, ಕೇಳೇನಿ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಮಗ ಮಕ್ಕಳದಾವೇನ್ರಿ?"

ಇಲ್ಲ ಎಂದೆ.

"ಗುಟುಕು ಹಾಕು ಅನ್ನಾಕ ಅವಗ ನಾನ ಕಲಿಸಿದ್ದು. ಮಲಿ ಬಿಡಿಸಿದಾಗ. ಇನ್ನೊಬ್ಬರ ಬಾಯಾಗ ನಾ ಕೇಳಿಲ್ಲ." ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಆಕಿ ಕೊಡಲಿಲ್ಲಲ್ರಿ?"

ಇಲ್ಲಿ ನಾನು ಏನು ಹೇಳಿದೆ ಎಂಬುದಕ್ಕೆ ನನ್ನ ಬಳಿ ಮೂರು ನೆನಪುಗಳಿವೆ. ಒಂದರಲ್ಲಿ 'ಕೊಟ್ಟಳು' ಎನ್ನುತ್ತೇನೆ. ಇನ್ನೊಂದರಲ್ಲಿ 'ಹಿರಿಯರು ಬೇಡ ಅಂದರು' ಎನ್ನುತ್ತೇನೆ. ಮೂರನೆಯದರಲ್ಲಿ ಸುಮ್ಮನೆ ನಿಂತಿದ್ದೇನೆ. ಮೂರನೆಯದೇ ನಿಜವಿರಬೇಕು, ಏಕೆಂದರೆ ಅವಳೇ ಮುಂದುವರಿಸಿದಳು.

"ನಾ ಬಂದಿದ್ದು ಅದನ್ನ ಕೇಳಾಕಲ್ಲ. ಮಗಳ ಮನಿಗೆ ಹೊಂಟೇನಿ. ಮೊನ್ನಿ ಹಡಗಲಿಗೆ ಬಂದಾಗ, ಒಂದು ಪುಸ್ತಕ ಕಳೆದುಹೋಗೈತಂತ, ಬಿಡು ಅಂತ ಏನೋ ತನ್ನಷ್ಟಕ್ಕ ಹಗುರಾಗಿದ್ಲು. ಅಂಗಡಿಗೆ ಹೋಗಿ ಬಂದ ಮ್ಯಾಲ ರೊಟ್ಟಿ ಉಂಡ್ಲು, ನಕ್ಲು. ವರ್ಷದ ಮ್ಯಾಲ ಆಕಿ ನಕ್ಕಿದ್ದು." ತಾಯಿ ನನ್ನ ಕೈ ಹಿಡಿದಳು. ಕಾಳು ಹಸನು ಮಾಡಿ ಒರಟಾದ ಬೆರಳುಗಳು. "ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ್ರಿ ಮೇಷ್ಟ್ರೇ. ಯಾರ ಮುಂದೂ ಅನ್ನಬ್ಯಾಡ್ರಿ."

ಆಗಲಿ ಎಂದೆ. ಮಗಳಿಗೂ ಹೀಗೆಯೇ ಅಂದಿದ್ದೆ. ಮುದುಕಿ ಉಚ್ಚಂಗಿದುರ್ಗದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು ಹೊರಟಳು.

ನಾನು ಉಕ್ಕುಗೈಯನ್ನು ಮತ್ತೆ ಬರೆಯಲಿಲ್ಲ. ಇದನ್ನು ತ್ಯಾಗ ಎಂದು ಹೇಳಿಕೊಳ್ಳುವ ಮನಸ್ಸಾಗುತ್ತದೆ. ನಿಜವೆಂದರೆ ಮರುವರ್ಷ ಪ್ರೆಸ್ಸೇ ಮುಚ್ಚಿತು, ಮೊಳೆಗಳನ್ನು ತೂಕಕ್ಕೆ ಹಾಕಿದರು. ತಾಯಿ ತೀರಿಕೊಂಡು ಬಹಳ ಕಾಲವಾಯಿತು ಎಂದು ಕೇಳಿದ್ದೇನೆ. ಮಗಳು ಇದ್ದಾಳೆ, ಎಲ್ಲಿ, ಹೇಗೆ ಎಂದು ವಿಚಾರಿಸುವ ಧೈರ್ಯ ಮಾಡಿಲ್ಲ. ತನ್ನ ಅವ್ವ ಏನೂ ತಿಳಿಯದೆ ಹೋದಳು ಎಂಬುದೊಂದೇ ಅವಳ ಪಾಲಿಗೆ ಉಳಿದಿರಬಹುದಾದ ಸಮಾಧಾನ.

ತಿಳಿದೇ ಹೋದಳು ಎಂಬುದನ್ನೀಗ ಬರೆದುಬಿಟ್ಟಿದ್ದೇನೆ. ತಾಯಿಗೆ ಓದಲು ಬರುತ್ತಿರಲಿಲ್ಲ. ಮಗಳಿಗೆ ಬರುತ್ತದೆ, ಅಕ್ಷರವನ್ನು ತಿರುಗುಮುರುಗಾಗಿ ಇಟ್ಟರೂ.